ಹನ್ನೆರಡು ಮಂದಿಯ ಮುಂದಾಳು

ಎರಡು ವರ್ಷದ ಕೆಲಸದ ಅನುಭವ ಸಾಕು, ಈ ವರ್ಷವೇ ಎಂಬಿಎಗೆ ಅರ್ಜಿ ಹಾಕಿಬಿಡು ಎಂದು ಗೆಳೆಯರು ಹೇಳುತ್ತಿದ್ದರು. ಆಗ ನಾನು ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಎಂಜಿನಿಯರ್. ಅರ್ಜಿಯ ಕೊನೆಯ ದಿನ ವಾಡಿ ಸ್ಟೇಷನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತ ಮೊಬೈಲಿನಲ್ಲೇ ಅದನ್ನು ತುಂಬುತ್ತಿದ್ದೆ. ತಂಡವನ್ನು ಮುನ್ನಡೆಸಿದ ಸಂದರ್ಭ ಬರೆಯಿರಿ ಎಂದಿತ್ತು. ಹನ್ನೆರಡು ಮಂದಿ ಕಾರ್ಮಿಕರನ್ನು ಮುನ್ನಡೆಸುತ್ತೇನೆ ಎಂದು ಶುರುಮಾಡಿದೆ.

ಪಕ್ಕದಲ್ಲಿ ಹೆಂಗಸೊಬ್ಬರು ಕೂತಿದ್ದರು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ನಡೆಸುವವರಂತೆ. "ಏನ್ ಬರೀಲಿಕತ್ತೀ ತಮ್ಮಾ?" ಎಂದರು. ಓದಿ ಹೇಳಿದೆ.

"ಅವರಾಗ ಒಬ್ಬಾಂವ ಕೆಲ್ಸಕ್ಕ ಬರ್ಲಿಲ್ಲಂದ್ರ?"

"ಗುತ್ತೇದಾರ ಬ್ಯಾರೆಯವ್ರನ್ನ ಕಳಸ್ತಾನ್ರಿ."

"ಇಬ್ಬರು ಜಗಳಾಡಿದ್ರ?"

"ಮೇಸ್ತ್ರಿ ಬಿಡಸ್ತಾನ್ರಿ."

"ಮತ್ತ ನೀ ಏನ್ ಮಾಡ್ತೀ?"

"ರಿಪೋರ್ಟ್ ಬರೀತೀನ್ರಿ."

"ಹಂಗಾದ್ರ ಅದನ್ನೇ ಬರಿ," ಎಂದರು. ದನಿಯಲ್ಲಿ ಕುಹಕವೇನೂ ಇರಲಿಲ್ಲ.

ಹಾಗೇ ಬರೆದು ನೋಡಿದೆ. ಒಂದು ಸಾಲಿಗೆ ಮುಗಿದುಹೋಯಿತು. ಅರ್ಜಿ ಕಳಿಸಲಿಲ್ಲ.

ಮರುದಿನ ಸಾಹೇಬರನ್ನು ಕೇಳಿ ಒಂದು ಶಿಫ್ಟಿನ ಪೂರ್ತಿ ಜವಾಬ್ದಾರಿ ತೆಗೆದುಕೊಂಡೆ. ಆ ವರ್ಷ ಜಗಳ ಬಿಡಿಸಿದೆ, ರಜೆ ಕೊಡದೆ ಬೈಸಿಕೊಂಡೆ, ಒಮ್ಮೆ ನನ್ನದೇ ತಪ್ಪಿಗೆ ಎಲ್ಲರೆದುರು ಕ್ಷಮೆ ಕೇಳಿದೆ. ಮುಂದಿನ ಸಲ ಅದೇ ಪ್ರಶ್ನೆಗೆ ಕೊಟ್ಟ ಜಾಗ ಸಾಲಲಿಲ್ಲ.

ಸೀಟು ಸಿಕ್ಕಿತು. ಆದರೆ ಸಂದರ್ಶನದಲ್ಲಿ ಇದ್ಯಾವುದನ್ನೂ ಕೇಳಲಿಲ್ಲ. ಅವರು ಪಟ್ಟುಹಿಡಿದು ಕೇಳಿದ್ದು ಒಂದೇ: ಹೋದ ವರ್ಷವೇ ಯಾಕೆ ಅರ್ಜಿ ಹಾಕಲಿಲ್ಲ?