ಹೊಸ್ತಿಲಾಚೆ ಉಳಿದ ಸ್ಪ್ಲಿಂಟ್

ಕೋವಿಡ್ ಕಾಟ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಗದಗದಲ್ಲಿ ಮಕ್ಕಳ ಫಿಜಿಯೋಥೆರಪಿಸ್ಟ್ ಆಗಿದ್ದೆ. ಸೋಮವಾರ, ಗುರುವಾರ ಗದಗದ ಕೇಂದ್ರದಲ್ಲಿ ಕೆಲಸ. ಉಳಿದ ದಿನ ಚಾಪೆ, ರಬ್ಬರ್ ಚೆಂಡು ಚೀಲಕ್ಕೆ ತುರುಕಿಕೊಂಡು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸು ಹತ್ತುತ್ತಿದ್ದೆ. ಆಗಲೇ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ಆ ಇಪ್ಪತ್ತೆರಡು ವರ್ಷ ನನ್ನ ತಲೆಗೂ ಸ್ವಲ್ಪ ಏರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವ್ಯಾಯಾಮ ತಪ್ಪಿಸುವ ತಾಯಂದಿರು ನನ್ನ ಮುಖ ಕಂಡರೆ ಹೆದರುತ್ತಿದ್ದರು.

ಸೃಷ್ಟಿ ಬೆಟಗೇರಿಯ ನೇಕಾರರ ಮನೆಯ ಹುಡುಗಿ, ನಾಲ್ಕೂವರೆ ವರ್ಷದವಳು. ಏಳು ತಿಂಗಳಿಗೇ ಹುಟ್ಟಿದ ಕೂಸು. ಅವಳಿಗಿದ್ದದ್ದು ಸೆರೆಬ್ರಲ್ ಪಾಲ್ಸಿ. ಚಲನೆಯನ್ನು ನಡೆಸುವ ಮೆದುಳಿನ ಭಾಗಕ್ಕೆ ಹುಟ್ಟಿನ ಆಸುಪಾಸಿನಲ್ಲಿ ಪೆಟ್ಟಾದರೆ ಸ್ನಾಯುಗಳು ಹಿಡಿತ ತಪ್ಪಿ ಬಿಗಿಯುತ್ತವೆ. ಇವಳ ಕೈ ಚುರುಕು, ಬಾಯಂತೂ ಇನ್ನೂ ಚುರುಕು. ಬಿಗಿ ಇದ್ದದ್ದು ಕಾಲುಗಳಲ್ಲಿ. ಮೀನಖಂಡ ಸೆಟೆದು ಹಿಮ್ಮಡಿ ನೆಲಕ್ಕೆ ತಾಗದೆ, ವಾಕರ್ ಹಿಡಿದು ತುದಿಗಾಲಲ್ಲೇ ನಡೆಯುತ್ತಿದ್ದಳು.

ಅವಳಿಗೆ ಎ.ಎಫ್.ಓ. ಎಂಬ ಸ್ಪ್ಲಿಂಟ್ ಮಾಡಿಸಿಕೊಟ್ಟೆವು. ಮಗುವಿನ ಕಾಲಿನ ಅಚ್ಚು ತೆಗೆದು ತಯಾರಿಸುವ ಪ್ಲಾಸ್ಟಿಕ್ ಆಸರೆ ಅದು. ಮೊಣಕಾಲಿನ ಕೆಳಗಿನಿಂದ ಬೆರಳ ತುದಿಯವರೆಗೆ ಪಾದ ಕೆಳಗೆ ಬಾಗದಂತೆ ಹಿಡಿದಿಡುತ್ತದೆ. ಜಾರದಿರಲೆಂದು ಅದರ ಮೇಲೆ ಕ್ಯಾನ್ವಾಸ್ ಬೂಟು ಹಾಕಬೇಕು. ದಿನಕ್ಕೆ ಆರರಿಂದ ಎಂಟು ತಾಸು ಕಾಲಲ್ಲಿರಬೇಕು ಎಂದು ಸೃಷ್ಟಿಯ ತಾಯಿ ರೇಣುಕಾಗೆ ಮೂರು ಸಲ ಹೇಳಿದೆ, ಚೀಟಿಯಲ್ಲಿ ಬರೆದೂ ಕೊಟ್ಟೆ.

ಕಾಲಿಗೂ ಪಾದಕ್ಕೂ ನಡುವಿನ ಕೋನ ಅಳೆಯುವ ಸಾಧನಕ್ಕೆ ಗೋನಿಯೋಮೀಟರ್ ಎನ್ನುತ್ತಾರೆ. ಸ್ಪ್ಲಿಂಟ್ ಕೊಟ್ಟ ದಿನ ಸೃಷ್ಟಿಯ ಬಲಪಾದ ತೊಂಬತ್ತು ಡಿಗ್ರಿಗೆ ಬಂದು, ಅದರ ಮೇಲೆ ಇನ್ನೂ ಐದು ಡಿಗ್ರಿ ಏಳುತ್ತಿತ್ತು. ನಾಲ್ಕು ತಿಂಗಳ ನಂತರ ಅಳೆದರೆ ತೊಂಬತ್ತಕ್ಕೆ ಹತ್ತು ಡಿಗ್ರಿ ಕಡಿಮೆ! ಸುಧಾರಿಸುವುದಿರಲಿ, ಹದಿನೈದು ಡಿಗ್ರಿ ಹಿಂದಕ್ಕೆ ಹೋಗಿತ್ತು. ಹುಬ್ಬಳ್ಳಿಯ ಮೂಳೆ ತಜ್ಞರು ನೋಡಿ ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಪಾದ ತೊಂಬತ್ತಕ್ಕೆ ಮರಳದಿದ್ದರೆ ಹಿಮ್ಮಡಿಯ ಸ್ನಾಯುರಜ್ಜು ಉದ್ದ ಮಾಡುವ ಶಸ್ತ್ರಚಿಕಿತ್ಸೆ. ಇಷ್ಟು ಎಳೆ ವಯಸ್ಸಿನಲ್ಲಿ ಅದನ್ನು ಮಾಡಿದರೆ ಮುಂದೆ ಕಾಲು ತೀರ ಸಡಿಲಾಗಿ, ಮೊಣಕಾಲು ಮಡಚಿ ಕುಸಿದು ನಡೆಯುವ ಅಪಾಯವಿರುತ್ತದೆ. ಅಂಥ ಮಕ್ಕಳನ್ನು ನಾನು ಕಂಡಿದ್ದೆ. ಅದಕ್ಕೇ ನನಗೆ ಭಯ.

ಆ ಭಯ ಸಿಟ್ಟಾಗಿ ರೇಣುಕಾಳ ಮೇಲೆ ಹೊರಳಿತು. ದಿನಾ ಹಾಕಿದ್ದರೆ ಕಾಲು ಹೀಗಾಗುತ್ತಿರಲಿಲ್ಲ, ನನ್ನ ಮುಂದೆ ಸುಳ್ಳು ಹೇಳಬೇಡ ಎಂದು ಉಳಿದ ತಾಯಂದಿರ ಎದುರಿಗೇ ಅಂದುಬಿಟ್ಟೆ.

"ಒಂದಿನಾನೂ ತಪ್ಪಿಸಿಲ್ರಿ ಮೇಡಮ್ಮಾರ," ಎಂದಳು. ಕಣ್ಣು ತುಂಬಿದ್ದವು. ಮಗಳನ್ನು ಎತ್ತಿಕೊಂಡು ಹೊರಟೇಹೋದಳು.

ಮರುದಿನ ಶಿರಹಟ್ಟಿಗೆ ಹೋಗುವ ಮೊದಲು ಆಟೋ ಹಿಡಿದು ಅವರ ಮನೆಗೆ ಹೋದೆ. ಖರೆ ಹೇಳಬೇಕೆಂದರೆ, ಹೋದದ್ದು ಕ್ಷಮೆ ಕೇಳಲಿಕ್ಕಲ್ಲ, ಕಳ್ಳತನ ಹಿಡಿಯಲಿಕ್ಕೆ.

ಹಿಡಿಯಲು ಏನೂ ಕಷ್ಟಪಡಬೇಕಾಗಲಿಲ್ಲ. ಬಾಗಿಲ ಹೊರಗೆ, ಕಟ್ಟೆಯ ಮೇಲೆ, ಮನೆಯವರ ಚಪ್ಪಲಿಗಳ ಸಾಲಿನಲ್ಲಿ ಸೃಷ್ಟಿಯ ಪುಟ್ಟ ಬೂಟುಗಳಿದ್ದವು. ಬೂಟಿನೊಳಗೆ ಸ್ಪ್ಲಿಂಟುಗಳು ಒರೆಸಿ ಇಟ್ಟಂತೆ ಹೊಳೆಯುತ್ತಿದ್ದವು. ಒಳಗೆ ಮಗ್ಗ ನಡೆದಿತ್ತು. ಅದರ ಪಕ್ಕದ ನೆಲದ ಮೇಲೆ ಸೃಷ್ಟಿ ಬರಿಗಾಲಲ್ಲಿ ಕೂತು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅಜ್ಜಿ ನೀಲವ್ವನಿಗೆ ಕಥೆ ಹೇಳುತ್ತಿದ್ದಳು. ಪಾದಗಳೆರಡೂ ಕೆಳಗೆ ಚಾಚಿದ್ದವು.

ಮಗ್ಗ ಅವರಿಗೆ ದೇವರು. ಮಗ್ಗವಿರುವ ಕೋಣೆಗೆ ಕಾಲ್ಮೆಟ್ಟು ಬರುವ ಮಾತೇ ಇಲ್ಲ. ಈಗ ಕೇಳಿದಾಗ ಗೊತ್ತಾಯಿತು: ರೇಣುಕಾ ದಿನವೂ ತಪ್ಪದೆ ಸ್ಪ್ಲಿಂಟ್ ಹಾಕುತ್ತಿದ್ದಳು, ಹೊರಗೆ ಹೋಗುವಾಗ. ಹೊರಗೆ ಅಂದರೆ ಅಂಗನವಾಡಿ, ಅಲ್ಲಿಗೆ ಐದು ನಿಮಿಷದ ದಾರಿ. ಅಲ್ಲಿಯೂ ಮಕ್ಕಳು ಬೂಟು ಬಾಗಿಲಲ್ಲಿ ಬಿಡಬೇಕು. ಲೆಕ್ಕ ಹಾಕಿದರೆ ಆರು ತಾಸಿನ ಸ್ಪ್ಲಿಂಟ್ ದಿನಕ್ಕೆ ಇಪ್ಪತ್ತು ನಿಮಿಷವೂ ಕಾಲಲ್ಲಿರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ನೀಲವ್ವನ ಎದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗು ಕೂತಾಗ, ಆಡುವಾಗ ಪಾದವನ್ನು ಎತ್ತಿ ಹಿಡಿಯುವುದೇ ಆ ಪ್ಲಾಸ್ಟಿಕ್ಕಿನ ಕೆಲಸ, ಅದು ಬಾಗಿಲ ಹೊರಗಿದ್ದಷ್ಟು ಹೊತ್ತು ಮೀನಖಂಡ ಗಿಡ್ಡಾಗುತ್ತ ಹೋಗುತ್ತದೆ, ಹೀಗೇ ಬಿಟ್ಟರೆ ಮೂರು ತಿಂಗಳಿಗೆ ಆಪರೇಶನ್ ಎಂದೆ. ಆಕೆ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಮೊಮ್ಮಗಳ ಪಾದ ಮುಟ್ಟಿ ನೋಡಿದರು. ಮಗ್ಗ ನೋಡಿದರು. ಹಿರಿಯರ ನೇಮದ ಮಾತು ಬರುತ್ತದೆಂದು ನಾನು ಉತ್ತರ ಸಿದ್ಧಮಾಡಿಕೊಳ್ಳುತ್ತಿದ್ದೆ.

"ಹಂಗಾದ್ರ ಅದು ಚಪ್ಪಲಿ ಅಲ್ಲಲ್ರಿ," ಎಂದರು. "ಆಕಿ ಕಾಲ ಅದು. ಕಾಲು ಯಾರರ ಹೊರಗ ಬಿಟ್ಟು ಬರ್ತಾರೇನ್ರಿ?"

ಆಕೆಯೇ ಉಪಾಯವನ್ನೂ ಹೇಳಿದರು: ಇನ್ನೊಂದು ಜೋಡಿ ಬೂಟು ಮನೆಯೊಳಗೇ ಇರಲಿ, ಬೀದಿಯ ನೆಲ ಕಾಣದಿರಲಿ. ಹೊಸ್ತಿಲಲ್ಲಿ ಬೂಟು ಬದಲಾಗಲಿ, ಸ್ಪ್ಲಿಂಟ್ ಕಾಲಲ್ಲೇ ಒಳಗೆ ಬರಲಿ. ಅಂಗನವಾಡಿಯ ಶಿಕ್ಷಕಿಗೆ ತಾವೇ ಹೋಗಿ ಹೇಳುವುದಾಗಿಯೂ ಒಪ್ಪಿಕೊಂಡರು.

ಮುಂದಿನ ಗುರುವಾರ ನೀಲವ್ವ ಮೊದಲ ಸಲ ಸೊಸೆ, ಮೊಮ್ಮಗಳ ಜೊತೆ ಕೇಂದ್ರಕ್ಕೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಬರ್ರಿ ಒಳಗ ಎಂದು ಕರೆದೆ.

"ಇಲ್ಲಿ ಹೆಂಗ್ ಮಾಡೂಣ್ರಿ?" ಎಂದು ಗೋಡೆ ತೋರಿಸಿದರು.

ಅಲ್ಲಿ ನನ್ನದೇ ಅಕ್ಷರದ ಫಲಕ: ಪಾದರಕ್ಷೆಗಳನ್ನು ಹೊರಗೆ ಬಿಡಿ. ಚಾಪೆ ಹೊಲಸಾಗಬಾರದೆಂದು ನಾನೇ ಬರೆದು ತೂಗುಹಾಕಿದ್ದು. ನಾಲ್ಕು ತಿಂಗಳು ವಾರಕ್ಕೆರಡು ಸಲ ಆ ಮಗು ನನ್ನ ಬಾಗಿಲಲ್ಲೇ ಕೂತು ಸ್ಪ್ಲಿಂಟ್ ಬಿಚ್ಚಿಟ್ಟು ಒಳಗೆ ಬಂದಿತ್ತು. ಪ್ರತಿ ಸಲವೂ ನಾನು ಬಾಗಿಲಲ್ಲಿದ್ದ ಆ ಸ್ಪ್ಲಿಂಟನ್ನು ದಾಟಿಕೊಂಡು ಓಡಾಡಿದ್ದೆ. ನನಗೆ ನಾಚಿಕೆಯಾಯಿತು. ಸ್ಟೂಲ್ ಹತ್ತಿ ಆ ಫಲಕ ಇಳಿಸಿ ಕಪಾಟಿನ ಹಿಂದೆ ತಳ್ಳಿದೆ.

ಆ ದಿನವೇ ಪ್ಲಾಸ್ಟರ್ ಶುರುಮಾಡಿದೆವು. ವಾರಕ್ಕೊಮ್ಮೆ ಬದಲಿಸುತ್ತ, ಪ್ರತಿ ಸಲ ಪಾದವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಂದು ಹಿಡಿಸುವ ಪ್ಲಾಸ್ಟರ್ ಅದು. ಮೂರು ವಾರ ಕಳೆದ ಮೇಲೆ ಮತ್ತೆ ಸ್ಪ್ಲಿಂಟ್, ಈ ಸಲ ಮನೆಯೊಳಗೆ. ರೇಣುಕಾ ಹಾಕಿದ ಹೊತ್ತು, ಬಿಚ್ಚಿದ ಹೊತ್ತು ಕ್ಯಾಲೆಂಡರ್ ಮೇಲೆ ಬರೆದು ತರುತ್ತಿದ್ದಳು. ನಾನು ಕೇಳಿರಲಿಲ್ಲ. ಸುಳ್ಳಿ ಎನಿಸಿಕೊಂಡ ನೋವು ಅದು ಎಂದು ನನಗೆ ಗೊತ್ತಿತ್ತು.

ಗಡುವಿನ ದಿನ ನಾನು ಲಕ್ಷ್ಮೇಶ್ವರದಲ್ಲಿದ್ದೆ. ಕೈ ಮಕ್ಕಳ ಮೇಲೆ, ಕಿವಿ ಫೋನಿನ ಮೇಲೆ. ಮಧ್ಯಾಹ್ನ ರೇಣುಕಾ ಹುಬ್ಬಳ್ಳಿಯ ಬಸ್ ನಿಲ್ದಾಣದಿಂದ ಮಾತಾಡಿದಳು.

"ಆಪರೇಶನ್ ಈಗ ಬ್ಯಾಡಂತ್ರಿ. ತೊಂಬತ್ತು ದಾಟಿ ಮೂರು ಡಿಗ್ರಿ ಬಂದೈತಂತ."

ನಾನು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಬಸ್ಸಿನ ಗದ್ದಲದ ನಡುವೆಯೇ, ಅಷ್ಟು ದಿನ ಬಾಯಿಗೆ ಬಾರದಿದ್ದ ಮಾತು ಹೇಳಿದೆ: ಎಲ್ಲರ ಎದುರು ನಿನ್ನನ್ನು ಸುಳ್ಳಿ ಅಂದದ್ದು ತಪ್ಪಾಯಿತು, ಕ್ಷಮಿಸಮ್ಮ.

"ನೀವು ಬೈದಿದ್ದಕ್ಕ ಮನೀಗೆ ಬಂದ್ರಿ," ಎಂದಳು. "ಬರದಿದ್ರ ಏನಾಗತಿತ್ತೋ ಏನೋ."

ಸೃಷ್ಟಿ ಈಗ ಶಾಲೆಗೆ ಹೋಗುತ್ತಾಳೆ. ಮಗು ಬೆಳೆದಂತೆ ಬಿಗಿ ಮರಳಬಹುದು, ಆರು ತಿಂಗಳಿಗೊಮ್ಮೆ ಅಳತೆ ತಪ್ಪುವುದಿಲ್ಲ. ದಿನಾ ಹಾಕುತ್ತೀರಾ ಎಂದು ನಾನು ಯಾವ ತಾಯಿಯನ್ನೂ ಈಗ ಕೇಳುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಗು ಎಲ್ಲೆಲ್ಲಿ ಇರುತ್ತದೆ, ಹೇಳಮ್ಮ ಎನ್ನುತ್ತೇನೆ. ಅವರು ಹೇಳುತ್ತಾರೆ. ಅಷ್ಟೂ ಹೊತ್ತು ಬಾಯಿ ಮುಚ್ಚಿಕೊಂಡು ಕೇಳುವುದನ್ನು ನಾನು ಇಪ್ಪತ್ತಮೂರನೆಯ ವರ್ಷದಲ್ಲಿ ಕಲಿತೆ.