ಎಮ್ಮೆ ಮೇಯ್ದ ದುಂಡು ಜಾಗ

ಗುಂಡ್ಲುಪೇಟೆಯ ಡಾಕ್ಟರು ಅತ್ತೆಯ ಮೊಣಕಾಲಿಗೆ ಪಟ್ಟಿ ಕಟ್ಟಿ, ಇನ್ನು ಕೆರೆ ಏರಿ ಹತ್ತಿ ಇಳಿಯಕೂಡದು ಎಂದ ದಿನವೇ ಮನೆಯ ಎಮ್ಮೆಯನ್ನು ಮಾರುವ ಮಾತು ಬಂತು. ನಮಗೆ ಹೊಲವಿಲ್ಲ, ಮೇವು ಬೆಳೆಯಲು ಜಾಗವಿಲ್ಲ. ಎಮ್ಮೆಯ ಹೊಟ್ಟೆ ತುಂಬಬೇಕಾದರೆ ಕೆರೆಯಂಗಳವೇ ಗತಿ. ನಮ್ಮ ಯಜಮಾನರು ಬೆಳಿಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವರು. ಎಮ್ಮೆ ವ್ಯಾಪಾರದ ಸಾಹೇಬರಿಗೆ ಫೋನ್ ಮಾಡಿ, ಒಂದೆರಡು ವಾರ ಬಿಟ್ಟು ಬನ್ನಿ ಎಂದರು. ಅತ್ತೆ "ಆಗ್ಲಿ ಬುಡು" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಕರುವಾಗಿದ್ದಾಗಿನಿಂದ ಅವರು ಸಾಕಿದ ಎಮ್ಮೆ ಅದು.

ಸಾಹೇಬರು ಬರುವವರೆಗೆ ನಾನೇ ಹೊಡೆದುಕೊಂಡು ಹೋಗುತ್ತೇನೆ ಎಂದೆ. ಚಾಮರಾಜನಗರದ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಬಂದ ನಾನು ಎಮ್ಮೆಗೆ ಕಲಗಚ್ಚು ಇಟ್ಟಿದ್ದೆನೇ ಹೊರತು ಹಗ್ಗ ಹಿಡಿದಿರಲಿಲ್ಲ.

ಕೆರೆಯಂಗಳದಲ್ಲಿ ಬೇರೆ ದನವೇ ಇರಲಿಲ್ಲ. ಊರಿನವರೆಲ್ಲ ಜರ್ಸಿ ಹಸು ಕಟ್ಟಿ ಕೊಟ್ಟಿಗೆಯಲ್ಲೇ ಮೇವು ಹಾಕುತ್ತಾರೆ. ನೀರಿನಂಚಿಗೆ ಜೊಂಡು ನನ್ನ ತಲೆಗಿಂತ ಎತ್ತರ ನಿಂತಿತ್ತು. ಅದರ ನಡುವೆ ಅಲ್ಲಲ್ಲಿ ತಟ್ಟೆ ಕವುಚಿ ಕೊರೆದ ಹಾಗೆ ದುಂಡನೆಯ ಬಯಲು. ಅತ್ತೆ ಗೂಟ ಬಡಿದು ಎಮ್ಮೆ ಕಟ್ಟಿದ ಜಾಗಗಳು ಅವು. ಹಗ್ಗ ಎಟುಕಿದಷ್ಟೂ ಮೇಯ್ದಿತ್ತು, ಅದರಾಚೆ ಇಲ್ಲ.

ಬೇರೆ ಕೆಲಸವಿಲ್ಲದೆ ನೋಡುತ್ತ ಕೂತೆ. ಹೊಸ ಬಯಲಿನಲ್ಲಿ ಜೊಂಡಿನ ಮೋಟು, ಗೊರಸಿನ ಗುಳಿ, ಗುಳಿಯಲ್ಲಿ ನೀರು. ಪಕ್ಕದ, ಸ್ವಲ್ಪ ಹಳೆಯ ಬಯಲಿನಲ್ಲಿ ಒಂದೆಲಗ ಬಳ್ಳಿ ಬಿಟ್ಟು ಹರಡಿತ್ತು, ಅಂಚಿನಲ್ಲಿ ಹೊನಗೊನ್ನೆ ಸೊಪ್ಪು, ನಡುವೆ ಉಗುರಿಗಿಂತ ಸಣ್ಣ ಬಿಳಿ ಹೂವು. ಅದರ ಹೆಸರು ನನಗೆ ಗೊತ್ತಿಲ್ಲ. ಇನ್ನೂ ಹಳೆಯ ಬಯಲಿನಲ್ಲಿ ಜೊಂಡು ಮತ್ತೆ ಎದ್ದಿತ್ತು, ಅದರ ನೆರಳಿಗೆ ಒಂದೆಲಗದ ತೊಟ್ಟು ಉದ್ದವಾಗಿ ಬಿಳಿಚಿಕೊಂಡಿತ್ತು. ಎಮ್ಮೆ ಎಂದೂ ಮೇಯದ ಕಡೆ ಜೊಂಡು ಸರಿಸಿ ನೋಡಿದರೆ ಕತ್ತಲೆ, ಒಣಗರಿ, ಅಷ್ಟೆ. ಜೊಂಡಿನಲ್ಲಿ ಕಾಡುಹಂದಿ ಇರಬಹುದೆಂಬ ಹೆದರಿಕೆಗೆ ನಾನು ಮೊದಲ ಕೆಲವು ದಿನ ದಾರಿಯ ಹತ್ತಿರ ಒಂದೇ ಗೂಟಕ್ಕೆ ಕಟ್ಟಿದ್ದೆ. ಅಲ್ಲಿ ಸೊಪ್ಪೂ ಇಲ್ಲ, ಜೊಂಡೂ ಇಲ್ಲ, ಬರೀ ಕೆಸರು.

ಮಡಿಲು ತುಂಬ ಸೊಪ್ಪು ತಂದು ಅತ್ತೆಗೆ ಇದನ್ನೆಲ್ಲ ಹೇಳಿದೆ.

"ಎಮ್ಮೆ ಮೇಯ್ಸಕ್ ಕಳಿಸುದ್ರೆ ಪರೀಕ್ಸೆ ಬರ್ದ್ಬುಟ್ಟು ಬಂದವ್ಳೆ," ಎಂದು ನಕ್ಕರು. ಸೊಪ್ಪು ಬಿಡಿಸುತ್ತ, "ಊರೋರೆಲ್ಲ ದನ ಬುಡ್ತಿದ್ದ ಕಾಲ್ದಲ್ಲಿ ಜೊಂಡು ಇಷ್ಟಿರ್ನಿಲ್ಲ ಕಣಮ್ಮಿ. ಸೊಪ್ಪ ಕೆರೆ ಕೊಡ್ತದೆ ಅನ್ಕಂಡಿದ್ದೆ. ಎಮ್ಮೆ ಕೊಡ್ತಿತ್ತಾ?" ಎಂದರು.

ಸಾಹೇಬರು ಬಂದಾಗ ಯಜಮಾನರು ಡ್ಯೂಟಿಯಲ್ಲಿದ್ದರು. ಸಾಹೇಬರು ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡಿದರು, ಕೆಚ್ಚಲು ಮುಟ್ಟಿದರು.

"ಒಳ್ಳೆ ಎಮ್ಮೆ. ನಾಳೆ ಗಾಡಿ ಕಳಿಸ್ಲಾ ತಾಯಿ?" ಎಂದು ಅತ್ತೆಯನ್ನು ಕೇಳಿದರು.

"ನನ್ನ್ಯಾಕ್ ಕೇಳೀರಿ? ಅಗ್ಗ ಇಡ್ಕಂಡಿರೋಳು ಅವ್ಳು. ಅವ್ಳ್ನೇ ಕೇಳಿ."

ಎಮ್ಮೆ ಹೋದರೆ ಮುಂದಿನ ಮಳೆಗೆ ಆ ಬಯಲುಗಳೆಲ್ಲ ಮುಚ್ಚಿಹೋಗುತ್ತವೆಂದು ನನಗೆ ಗೊತ್ತಿತ್ತು. ಅತ್ತೆ ನನ್ನ ಮುಖ ನೋಡದೆ ಕಾಲಿನ ಪಟ್ಟಿಯ ನೂಲು ಕೀಳುತ್ತ ಕೂತಿದ್ದರು.

"ಮಳೆಗಾಲ ಕಳೀಲಿ ಸಾಹೇಬ್ರೇ," ಎಂದೆ.

"ನಮ್ ವ್ಯಾಪಾರದಲ್ಲಿ ಕಳೀಲಿ ಅಂದ್ರೆ ಕೊಡಲ್ಲ ಅಂತ. ಫೋನಲ್ಲೇ ಹೇಳಿದ್ರೆ ಪೆಟ್ರೋಲ್ ಉಳೀತಿತ್ತಲ್ಲ ತಾಯಿ!" ಎಂದು ನಗುತ್ತಲೇ ಬೈಕ್ ಹತ್ತಿದರು.

ಸಂಜೆ ಯಜಮಾನರು ನಗಲಿಲ್ಲ. "ಮದುವೆ, ನಾಮಕರಣ ಅಂತ ಇನ್ನು ಎಲ್ಲೂ ಹೋಗಿ ನಿಲ್ಲೋ ಹಾಗಿಲ್ಲ. ಯೋಚ್ನೆ ಮಾಡಿದ್ದೀಯಾ?" ಎಂದರು. ಮಾಡಿದ್ದೇನೆ ಎಂದೆ. ನಿಜ ಹೇಳಬೇಕೆಂದರೆ ಅಷ್ಟು ಮಾಡಿರಲಿಲ್ಲ.

ಈಗ ತವರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು. ಕೆರೆಯ ಮೂಡಲ ಮಗ್ಗುಲಿನ ಜೊಂಡಿನೊಳಗೆ ನೀರುಕೋಳಿ ಮರಿ ಮಾಡಿದೆ, ಆ ಕಡೆ ಎಮ್ಮೆ ಕಟ್ಟುವುದಿಲ್ಲ. ಮಿಕ್ಕ ಕಡೆ ಮೇಯ್ದ ಹಾಗೆಲ್ಲ ಗೂಟ ಕಿತ್ತು ಮುಂದಕ್ಕೆ ಬಡಿಯುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಸೊಪ್ಪು ಇಸಿದುಕೊಳ್ಳಲು ಬಂದವಳು, "ನಮ್ ಹಸೂನೂ ಒಂದ್ಕಡೆ ಕಟ್ಟನಾ ಅಕ್ಕಾ?" ಎಂದಳು. ಬಾ, ಆದರೆ ನನ್ನ ಎಮ್ಮೆ ಮೇಯ್ದ ಜಾಗದಿಂದ ದೂರ ಕಟ್ಟು ಅಂದಿದ್ದೇನೆ.