ನೊರೆಯ ಕೆಳಗಿನ ಜಿಗಣೆ

ಹೋದ ತಿಂಗಳು ಗಡಹಿಂಗ್ಲಜಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಕೊಟ್ಟಿಗೆಯಲ್ಲಿ ಭಾವ ಎಮ್ಮೆ ಹಿಂಡುತ್ತಿದ್ದರು. ಹಾಲು ಪಾತ್ರೆಗೆ ಬೀಳುವ ಸದ್ದಿಗಿಂತ ಮೊದಲು ಅದರ ವಾಸನೆ ಬಂತು. ಕಾಯಿಸದ ಎಮ್ಮೆ ಹಾಲಿನ ವಾಸನೆ. ಬೆಚ್ಚಗಿನ, ಜಿಡ್ಡುಜಿಡ್ಡಾದ, ಹಸಿ ಮೇವೂ ತೊಗಲೂ ಬೆರೆತ ವಾಸನೆ. ಬೇರೆಯವರಿಗೆ ಅದರಿಂದ ಬಾಲ್ಯ ನೆನಪಾಗಬಹುದು. ನಾನು ಮೂಗು ಮುಚ್ಚಿಕೊಂಡೆ. ಗೋಡೆ ಹಿಡಿದು ನಿಂತೆ.

"ಬಿ.ಪಿ. ಗುಳಿಗಿ ನುಂಗಿಲ್ಲೇನ?" ಎಂದು ಅಕ್ಕ ಒಳಗಿನಿಂದಲೇ ಕೇಳಿದಳು.

ನುಂಗಿದ್ದೆ. ಮರೆತು ಎರಡು ಸಲ ನುಂಗಿದೆನೇನೋ ಎಂಬ ಚಿಂತೆ ಆಗಲೇ ಶುರುವಾಗಿತ್ತು. ಆದರೆ ಆ ಗೋಡೆಯ ಹತ್ತಿರ ನನಗೆ ನೆನಪಾದವರು ನಮ್ಮ ಸರ್.

ಸರ್ ಕೊಲ್ಹಾಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ತರಗತಿಯ ಹಿಂದಿನ ಬೆಂಚಿನವನು. ಹೇಗೋ ಪಾಸಾಗಿ, ಇಚಲಕರಂಜಿಗೆ ಬಂದು, ಮಗ್ಗದವರಿಗೂ ವ್ಯಾಪಾರಿಗಳಿಗೂ ನಡುವೆ ಬಟ್ಟೆಯ ದಲಾಲಿ ಮಾಡಿಕೊಂಡು ಕುಳಿತ ಮೇಲೂ ಅವರು ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ನನ್ನ ಬುದ್ಧಿಯಲ್ಲ, ನನ್ನ ಅಂಜಿಕೆ. ಸರ್ ಅಭ್ಯಾಸ ಮಾಡುತ್ತಿದ್ದುದು ಈಗಿನ ಕಾಲದ ಕಟ್ಟುಕಥೆಗಳನ್ನು. ಸಿನಿಮಾ ಥೇಟರಿನ ಕುರ್ಚಿಯಲ್ಲಿ ರೋಗದ ಸೂಜಿ ಚುಚ್ಚಿಟ್ಟವರು, ಆಜರಾ ಊರಿನ ಘಟ್ಟದಲ್ಲಿ ಲಿಫ್ಟ್ ಕೇಳಿ ಹತ್ತಿ ಹಿಂದಿನ ಸೀಟಿನಿಂದ ಮಾಯವಾಗುವ ಹೆಂಗಸು, ಪ್ಲಾಸ್ಟಿಕ್ ಅಕ್ಕಿ… ಇಂಥವು ಈ ಜಿಲ್ಲೆಯ ಯಾವ ಮೂಲೆಯಲ್ಲಿ ಹುಟ್ಟಿದರೂ ಮೊದಲು ನನ್ನ ಕಿವಿಗೆ ಬೀಳುತ್ತಿದ್ದವು, ಅಲ್ಲಿಂದ ನೇರ ಹೊಟ್ಟೆಗಿಳಿಯುತ್ತಿದ್ದವು. ಪ್ಲಾಸ್ಟಿಕ್ ಅಕ್ಕಿಯ ಸುದ್ದಿ ಬಂದಾಗ ನಾನು ಉಣ್ಣುವ ತಾಟಿನಿಂದ ಅನ್ನದ ಉಂಡೆ ಕಟ್ಟಿ ನೆಲಕ್ಕೆ ಪುಟಿಸಿ ನೋಡಿದ್ದೆ. ಉಂಡೆ ಪುಟಿಯಲಿಲ್ಲ, ಹೆಂಡತಿ ಪುಟಿದೆದ್ದಳು.

"ಏನಪಾ ಅಂಜುಬುರಕಪ್ಪಾ, ಈ ವಾರ ಯಾವುದಕ್ಕ ನಿದ್ದಿಗೆಟ್ಟೀ?" ಎಂದು ಸರ್ ಫೋನ್ ಮಾಡುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಸಿಹಿ ತಿಂದವರಂತೆ ಖುಷಿಪಡುತ್ತಿದ್ದರು. ಆಮೇಲೆ ಬಾಯಿಯಿಂದ ಬಾಯಿಗೆ ಹಿಂದೆ ಹಿಂದೆ ಹೋಗಿ, ಕಥೆ ಹೊರಟ ಜಾಗ ಹುಡುಕುತ್ತಿದ್ದರು. ಎಂದೂ ಸಿಕ್ಕಿರಲಿಲ್ಲ. "ಕಥಿ ನಮ್ಮೂರಾಗ ಇರತೈತಿ ತಮ್ಮಾ. ಸತ್ತಾವ ಮಾತ್ರ ಯಾವಾಗ್ಲೂ ಮುಂದಿನ ಊರಾಂವ" ಅನ್ನುತ್ತಿದ್ದರು.

ಕೊಲ್ಹಾಪುರಕ್ಕೆ ಹೋದಾಗಲೆಲ್ಲ ಸಂಜೆ ಇಬ್ಬರೂ ಹಳೇ ಪೇಟೆಯ ಹಾಲಿನ ಕಟ್ಟೆಗೆ ಹೋಗುವುದಿತ್ತು. ಗವಳಿಗರು ಎಮ್ಮೆಗಳನ್ನು ಬೀದಿಗೇ ತಂದು ಕಟ್ಟಿ, ಗಿರಾಕಿಯ ಕಣ್ಣೆದುರು ಗ್ಲಾಸಿನೊಳಗೇ ಹಿಂಡಿ ಕೊಡುತ್ತಾರೆ. ಕಾಯಿಸುವುದಿಲ್ಲ, ಸೋಸುವುದಿಲ್ಲ. ಗ್ಲಾಸಿನ ಮೇಲೆ ನಾಲ್ಕು ಬೆರಳು ನೊರೆ ನಿಲ್ಲಬೇಕು. ಅಖಾಡದ ಪೈಲವಾನರಿಂದ ಹಿಡಿದು ಬ್ಯಾಂಕಿನ ಸಾಹೇಬರ ತನಕ ಮೀಸೆಗೆ ನೊರೆ ಹಚ್ಚಿಕೊಂಡು ನಿಂತಿರುತ್ತಾರೆ. ನಮಗೆ ಹಾಲು ಕೊಡುತ್ತಿದ್ದವಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು; ಸರ್ ಮಾತ್ರ ಅಕ್ಕಾ ಅನ್ನುತ್ತಿದ್ದರು. ಗಂಡ ಹೋದ ಮೇಲೆ ತಾನೇ ಎಮ್ಮೆ ಹೊಡೆದುಕೊಂಡು ಬಂದು ಗಂಡನ ಜಾಗದಲ್ಲಿ ಕಟ್ಟಿದವಳು. ತನ್ನ ಹಾಗೆ ಕನ್ನಡದವರೆಂದು ಅವಳಿಗೆ ನಮ್ಮ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. "ಕುಡೀರಿ ಸರ, ಕಲತ ತಲಿ ಒಣಗಿರತೈತಿ" ಎಂದು ಸರ್‌ಗೆ ಇನ್ನೊಂದು ಧಾರೆ ಹೆಚ್ಚು ಹಿಂಡುತ್ತಿದ್ದಳು. ಸರ್ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡು, ಗ್ಲಾಸಿನೊಳಗೆ ನೋಡಿಕೊಂಡು ಕುಡಿಯುತ್ತಿದ್ದೆ.

ಆಮೇಲೆ ಆ ಕಥೆ ಬಂತು. ಎಮ್ಮೆ ಕೆರೆಯಲ್ಲಿ ಬಿದ್ದು ಬಂದಾಗ ಕೆಚ್ಚಲಿಗೆ ಜಿಗಣೆ ಹತ್ತಿತ್ತಂತೆ. ಹಿಂಡುವಾಗ ಗ್ಲಾಸಿಗೆ ಬಿತ್ತಂತೆ. ನೊರೆಯ ಕೆಳಗೆ ಕಾಣಲಿಲ್ಲವಂತೆ. ಕುಡಿದ ಹುಡುಗನ ಗಂಟಲಲ್ಲಿ ಕುಳಿತು ರಕ್ತ ಹೀರಿ ಹೀರಿ ಬೆಳೆಯಿತಂತೆ, ಹುಡುಗ ಸತ್ತನಂತೆ. ಕಟ್ಟೆಯ ತುದಿಯಲ್ಲಿ ಹೆಂಗಸೊಬ್ಬಳು ಹಿಂಡುತ್ತಾಳಲ್ಲ, ಅವಳ ಎಮ್ಮೆಯೇ ಅಂತೆ. ಆ ಕಟ್ಟೆಯಲ್ಲಿ ಹಿಂಡುವ ಹೆಂಗಸು ಒಬ್ಬಳೇ ಇದ್ದಳು.

ಇದನ್ನು ನಾನು ಮೊದಲು ಕೇಳಿದ್ದು ಇಚಲಕರಂಜಿಯಲ್ಲಿ, ಮಿಸಳದ ಅಂಗಡಿಯಲ್ಲಿ. ಹೇಳುವವನು ಪಾವನ್ನು ಖಾರದ ರಸದಲ್ಲಿ ಅದ್ದುತ್ತ, ಜಿಗಣೆ ಹೇಗೆ ಜಾರುತ್ತದೆ, ಒಳಗೆ ಹೇಗೆ ಅಂಟಿಕೊಳ್ಳುತ್ತದೆ, ಚಿಮಟಿಗೆಯಿಂದ ಎಳೆದರೆ ಹೇಗೆ ರಬ್ಬರಿನಂತೆ ಜಗ್ಗುತ್ತದೆ ಎಂದು ವರ್ಣಿಸುತ್ತಿದ್ದ. ಕೇಳುವವರು "ಶೀ ಶೀ" ಅನ್ನುತ್ತ ಇನ್ನೊಂದು ಪ್ಲೇಟು ತರಿಸುತ್ತಿದ್ದರು. ಒಬ್ಬನ ಬಾಯಲ್ಲೂ ತುತ್ತು ನಿಲ್ಲಲಿಲ್ಲ. ನನಗೆ ಜಿಗಣೆಗಿಂತ ಹೆಚ್ಚು ಹೇಸಿಗೆಯಾದದ್ದು ಆ ಬಾಯಿಗಳನ್ನು ನೋಡಿ. ಆದರೂ ಮನೆಗೆ ಹೋಗಿ, ಕನ್ನಡಿಯ ಮುಂದೆ ಬಾಯಿ ತೆರೆದು, ಟಾರ್ಚು ಹಾಕಿ ನನ್ನ ಗಂಟಲು ನೋಡಿಕೊಂಡೆ.

ಸರ್‌ಗೆ ಫೋನ್ ಮಾಡಿದೆ. ಆ ಕಡೆಯಿಂದ ಎಂದಿನ ಖುಷಿ ಬರಲಿಲ್ಲ. "ನಮ್ಮ ಅಕ್ಕಾನ ಮ್ಯಾಲ ಬಂತಲ್ಲೋ" ಅಂದರು.

ಆ ವಾರ ಹೋಗಿ ನೋಡಿದರೆ ಮಾವಶಿಯ ಎಡಕ್ಕೂ ಬಲಕ್ಕೂ ಗಿರಾಕಿಗಳಿದ್ದರು, ಅವಳ ಮುಂದೆ ಯಾರೂ ಇರಲಿಲ್ಲ. ಎಮ್ಮೆ ಮಾತ್ರ ಹಿಂಡಿಸಿಕೊಳ್ಳಲು ಕಾದು ನಿಂತು ಒದರುತ್ತಿತ್ತು. "ಕೆರಿಗೆ ಬಿಡೂದೇ ಇಲ್ಲ್ರಿ ಸರ ನಾನು. ನಳದ ನೀರಾಗ ತೊಳಿತೇನಿ. ನೀವು ಕಲತವ್ರ ಒಂದ ಮಾತ ಹೇಳ್ರಿ ಮಂದಿಗೆ. ಈ ಜಾಗಾ ಹೋದ್ರ ನನಗ ಮತ್ತ ಜಾಗಾ ಇಲ್ಲ" ಅಂದಳು. ಸರ್ ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ್ದೇ ಅವರ ಕೊರಳಿಗೆ ಬಿತ್ತು.

ನನ್ನ ಸ್ಕೂಟರಿನ ಹಿಂದೆ ಕುಳಿತು ಹುಡುಕಲು ಹೊರಟರು. ಕೊಲ್ಹಾಪುರದವರು, ಸತ್ತ ಹುಡುಗ ಇಚಲಕರಂಜಿಯವನು ಅಂದರು. ಇಚಲಕರಂಜಿಯಲ್ಲಿ ಮಗ್ಗಗಳ ಗದ್ದಲದ ನಡುವೆ ಮಗ್ಗ ರಿಪೇರಿ ಮಾಡುವ ಒಬ್ಬ ಜಾಬರ್ ನಮ್ಮ ಕಿವಿಗೆ ಬಾಯಿಟ್ಟು ಒದರಿ ಹೇಳಿದ.

"ಖರೇ ಐತ್ರಿ. ಗಡಹಿಂಗ್ಲಜದ ಹುಡುಗ. ನಮ್ಮ ಸಾಡೂನ ಗೆಳ್ಯಾನ ತಮ್ಮ."

"ನೀವು ನೋಡೀರಿ?" ಸರ್ ಒದರಿದರು.

"ನಾ ಯಾಕ ನೋಡ್ಲಿ? ನಮ್ಮ ಸಾಡೂ ಸುಳ್ಳ ಹೇಳ್ತಾನ?"

ಅವನ ಸಾಡೂವನ್ನು, ಅಂದರೆ ಷಡ್ಡಕನನ್ನು, ಹುಡುಕಿಕೊಂಡು ಗಡಹಿಂಗ್ಲಜಕ್ಕೆ ಹೋದೆವು. ಅವನು ಶೇಂಗಾದ ಅಂಗಡಿಯಲ್ಲಿ ಕುಳಿತಿದ್ದ. ನಮಗೆ ಚಹಾ ತರಿಸಿ, ಭಾಳ ಮರ್ಯಾದೆಯಿಂದ ಹೇಳಿದ: "ನಮ್ಮೂರಾಂವ ಅಲ್ಲ್ರಿ. ಕೊಲ್ಹಾಪುರದ ಹುಡುಗ ಅಂವ. ಅಲ್ಲೇ ಹೋಗಿ ಕೇಳ್ರಿ, ಕಟ್ಟಿ ಹತ್ರ ಯಾರ ಬೇಕಾದ್ರೂ ಹೇಳ್ತಾರ." ಕೊಲ್ಹಾಪುರದಲ್ಲಿ ಬೆರಳಿನಷ್ಟಿದ್ದ ಜಿಗಣೆ ಇಚಲಕರಂಜಿಯಲ್ಲಿ ಗೇಣುದ್ದವಾಗಿತ್ತು. ಗಡಹಿಂಗ್ಲಜದ ಅಂಗಡಿಯಲ್ಲಿ ಅವನು ಮೊಳ ಹಾಕಿ ತೋರಿಸಿದ, ನಾವು ಬಟ್ಟೆ ಅಳೆಯುವ ಹಾಗೆ.

ಸರ್ ಒಂದು ಪತ್ರಿಕೆಗೆ ಬರೆದರು. ಮೂರೂ ಊರು ತಿರುಗಿ ಬಂದದ್ದು, ಎಲ್ಲಿಯೂ ಅಂಥ ಹುಡುಗ ಇಲ್ಲದ್ದು, ಎಲ್ಲವನ್ನೂ ಬಿಡಿಸಿ ಬರೆದರು. ಅಚ್ಚಾಯಿತು. ಮರುದಿನದಿಂದ ಜನ "ಪೇಪರಿನಾಗೂ ಬಂದೈತಿ" ಅನ್ನತೊಡಗಿದರು. ಅಲ್ಲಿಯವರೆಗೆ ಕೇಳದಿದ್ದವರೂ ಆಗ ಕೇಳಿದರು. ಸುಳ್ಳೆಂದು ಒಪ್ಪಿದವರೂ ಮಾವಶಿಯ ಹತ್ತಿರ ಹಾಲಿಗೆ ಬರಲಿಲ್ಲ. ಅವಳ ಹಳೆಯ ಗಿರಾಕಿಯೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಸುಳ್ಳ ಇರಬೇಕ್ರಿ ಸರ, ನಾ ಇಲ್ಲ ಅನ್ನೂದಿಲ್ಲ. ಆದ್ರ ಗ್ಲಾಸ್ ಕೈಯಾಗ ಹಿಡದ್ರ ಅದ ಕಣ್ಣಿಗೆ ಬರತೈತಿ."

ಆಗ ಸರ್ ತಾವೇ ಎಲ್ಲರೆದುರು ಕುಡಿದು ತೋರಿಸುವುದೆಂದು ನಿಶ್ಚಯಿಸಿದರು. ನಾನು ಬೇಡ ಅಂದೆ. ನಾನು ಎಲ್ಲದಕ್ಕೂ ಬೇಡ ಅನ್ನುವವನೇ ಆದ್ದರಿಂದ ಅವರು ನಕ್ಕು ಸ್ಕೂಟರ್ ಹತ್ತಿದರು.

ಆ ಸಂಜೆ ಕಟ್ಟೆಯಲ್ಲಿ ಜನವೋ ಜನ. ಸುದ್ದಿ ಹೇಗೆ ಹಬ್ಬುತ್ತದೆಂದು ಓದಿದ ಸರ್ ತಮ್ಮ ಸುದ್ದಿಯನ್ನು ಚೆನ್ನಾಗಿಯೇ ಹಬ್ಬಿಸಿದ್ದರು. ಮಾವಶಿ ಹೊಸ ಸೀರೆ ಉಟ್ಟಿದ್ದಳು. ಎಮ್ಮೆಯ ಕೊಂಬಿಗೆ ಎಣ್ಣೆ ಹಚ್ಚಿದ್ದಳು. ಎಲ್ಲರಿಗೂ ಕಾಣುವ ಹಾಗೆ ಬಿಸಿನೀರಿನಲ್ಲಿ ಕೆಚ್ಚಲು ತೊಳೆದಳು, ಬಿಳಿ ಅರಿವೆಯಿಂದ ಒರೆಸಿದಳು, ಮತ್ತೆ ತೊಳೆದಳು. ಅವಳ ಕೈ ನಡುಗುತ್ತಿತ್ತು, ಆದರೆ ಧಾರೆ ನಡುಗಲಿಲ್ಲ. ನೊರೆ ಗ್ಲಾಸಿನ ಮೇಲೆ ನಾಲ್ಕು ಬೆರಳು ನಿಂತಿತು.

ಸರ್ ಗ್ಲಾಸೆತ್ತಿದರು. ಸುತ್ತ ಫೋನುಗಳೂ ಎದ್ದವು. ಹಿಂದಿನಿಂದ ಒಬ್ಬ, ಕಾಳಜಿಯ ಧ್ವನಿಯಲ್ಲೇ, "ಸರ, ಹಗೂರಕ. ತಳದಾಗ ಕುಂತಿರತೈತಿ ಅದು" ಅಂದ.

ಸರ್ ಕಣ್ಣು ಮುಚ್ಚಲಿಲ್ಲ. ಗ್ಲಾಸಿನೊಳಗೆ ನೋಡಿದರು. ಅವರು ಹಾಗೆ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಒಂದು ಗುಟುಕು ಕುಡಿದರು. ಎರಡನೆಯದು ಬಾಯಲ್ಲೇ ನಿಂತಿತು. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಗಂಟಲು ಮೇಲೆ ಕೆಳಗೆ ಆಡಿತು… ಆಮೇಲೆ ಅವರು ಕಟ್ಟೆ ಹಿಡಿದು ಬಾಗಿ, ಎಲ್ಲರೆದುರು ವಾಂತಿ ಮಾಡಿಕೊಂಡರು.

ಜನ ಹಿಂದೆ ಸರಿದರು. ಆದರೆ ಫೋನುಗಳು ಮುಂದೆ ಬಂದವು. ಒಬ್ಬ ಬಗ್ಗಿ, ವಾಂತಿಯಲ್ಲಿ ಏನಾದರೂ ಹರಿದಾಡುತ್ತಿದೆಯೇ ಎಂದು ದೀಪ ಹಾಕಿ ನೋಡುತ್ತಿದ್ದ. ಮನುಷ್ಯರ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಹುಟ್ಟಿರಲಿಲ್ಲ. ಇವತ್ತಿಗೂ ಪೂರ್ತಿ ಇಳಿದಿಲ್ಲ. ಮಾವಶಿಯೊಬ್ಬಳೇ ಹತ್ತಿರ ಬಂದವಳು. ಹೊಸ ಸೀರೆಯ ಸೆರಗಿನಿಂದ ಸರ್ ಬಾಯಿ ಒರೆಸಿ, "ಸರಗ ಉಷ್ಣ ಆಗೈತ್ರಿ, ಮುಂಜಾನಿಂದ ಉಂಡಿಲ್ಲ ಅವ್ರು" ಎಂದು ಜನರಿಗೆ ಹೇಳಿದಳು. ಅವಳ ಜಾಗ ಹೋದದ್ದು ಅವಳಿಗೆ ಆಗಲೇ ತಿಳಿದಿತ್ತು. ಆದರೂ ಅವರ ಮಾನವನ್ನು ಕಾಯುತ್ತಿದ್ದಳು.

ಸರ್ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟೆ. ಸಿಗ್ನಲ್ ಹತ್ತಿರ ನನ್ನ ಬೆನ್ನಿಗೆ ಅಂದರು: "ತಲಿಗೆ ಗೊತ್ತಿತ್ತೋ ತಮ್ಮಾ. ಗಂಟಲಿಗೆ ಯಾರು ತಿಳಿಸಿ ಹೇಳಬೇಕು?"

ವಿಡಿಯೋ ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹಾಲು ಕುಡಿದ ಪ್ರೊಫೆಸರ್, ನೋಡಿ, ಎಲ್ಲರಿಗೂ ಕಳಿಸಿ. ಅದುವರೆಗೆ ಆ ಕಥೆಗೆ ಕಣ್ಣಾರೆ ಕಂಡವರಿರಲಿಲ್ಲ. ನಮ್ಮ ಸರ್ ಅದಕ್ಕೆ ಒಂದು ಓಣಿ ತುಂಬ ಸಾಕ್ಷಿಗಳನ್ನು ಒದಗಿಸಿಕೊಟ್ಟಿದ್ದರು. ಮಾವಶಿ ಎಮ್ಮೆಯನ್ನು ಶಿರೋಳದ ಕಡೆಯವರಿಗೆ ಮಾರಿ, ಇಚಲಕರಂಜಿಯ ಮಗಳ ಮನೆ ಸೇರಿದಳು. ಸರ್ ಕಟ್ಟುಕಥೆಗಳ ಅಭ್ಯಾಸವನ್ನೇ ಬಿಟ್ಟರು. ಫೋನ್ ಮಾಡುತ್ತಿದ್ದರು, ಆದರೆ ಮಳೆ, ಮೊಣಕಾಲು, ಮಕ್ಕಳು… ಇಂಥವೇ ಮಾತು. ನನ್ನ ಹೊಸ ಅಂಜಿಕೆಗಳನ್ನು ಕೇಳುವವರಿಲ್ಲದೆ ನಾನೊಬ್ಬನೇ ಇಟ್ಟುಕೊಂಡೆ. ಎರಡು ವರ್ಷದ ಹಿಂದೆ ಸರ್ ಹೃದಯಾಘಾತವಾಗಿ ಹೋದರು. ಕೊನೆಯ ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ.

ಅಕ್ಕನ ಮನೆಯ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಊರಿಗೆ ಬಂದ ಮರುದಿನ ಮಾವಶಿಯ ಮಗಳ ಮನೆ ಹುಡುಕಿಕೊಂಡು ಹೋದೆ. ಒಂದೇ ಊರಲ್ಲಿದ್ದೂ ಇಷ್ಟು ವರ್ಷ ಹೋಗಿರಲಿಲ್ಲ. ಮಾವಶಿ ಮನೆಮುಂದಿನ ಕಟ್ಟೆಯ ಮೇಲೆ ಕುಳಿತು ಮಗ್ಗದ ನೂಲು ಸುತ್ತುತ್ತಿದ್ದಳು. ಗುರುತು ಹಿಡಿದು ಚಹಾ ಮಾಡಿಸಿದಳು.

"ಸರ್ ಹೋದ್ರು ಮಾವಶಿ" ಅಂದೆ.

"ಗೊತ್ತೈತಿ ತಮ್ಮಾ." ಎಳೆ ಹರಿಯಿತು, ಗಂಟು ಹಾಕಿದಳು. "ನನ್ನ ಹಾಲಿಂದನ ಹೋದ್ರಲ್ಲ."

"ಏನ ಮಾತ ಇದು? ಹಾರ್ಟ್ ಆಗಿತ್ತ ಅವ್ರಿಗೆ. ಡಾಕ್ಟರು ನನ್ನ ಮುಂದ ಹೇಳ್ಯಾರ."

"ಹೌದಪಾ, ಹಾರ್ಟಿಗೇ ಹತ್ತಿತ್ತಂತ ಅದು. ಅವತ್ತ ವಾಂತ್ಯಾಗ ಬೀಳ್ಲಿಲ್ಲ, ಒಳಗ ಉಳೀತು. ಅಷ್ಟ ವರ್ಷ ಒಳಗ ಇತ್ತಂತ. ಎಲ್ಲಾರೂ ಅಂತಾರ."

ನನ್ನ ಬಾಯಲ್ಲಿ ಚಹಾ ಹಾಗೇ ನಿಂತಿತು.

"ದಿನಾ ಬಿಸಿನೀರಾಗ ತೊಳೀತಿದ್ನಿ" ಎಂದು ಅವಳೇ ಮುಂದುವರಿಸಿದಳು. "ಅವತ್ತ ಮಂದಿ ಭಾಳ ಇತ್ತ, ಕೈ ನಡಗತಿತ್ತ. ತೊಳದ್ನೋ ಇಲ್ಲೋ, ಈಗ ನೆನಪ ಆಗವಲ್ತು."

"ತೊಳದೀ ಮಾವಶಿ. ಎರಡ ಸಲ ತೊಳದೀ. ನಾ ಬಾಜೂಕ ನಿಂತಿದ್ನಿ, ನನ್ನ ಕಣ್ಣಿಲೆ ನೋಡೇನಿ."

ಅವಳು ನನ್ನ ಮುಖ ನೋಡಿದಳು, ಸಾವಿನ ಮನೆಯಲ್ಲಿ ಸಮಾಧಾನ ಹೇಳಲು ಬಂದವರನ್ನು ನೋಡುವ ಹಾಗೆ. "ಭಾಳ ಒಳ್ಳ್ಯಾವ ಅದೀ ನೀನು" ಎಂದು ನೂಲಿಗೆ ಕೈ ಹಾಕಿದಳು.

ನಾನು ಆಸ್ಪತ್ರೆಯ ಕಾಗದ ತರಬಲ್ಲೆ, ಡಾಕ್ಟರನ್ನೇ ಕರೆತರಬಲ್ಲೆ. ಅವುಗಳಿಂದ ಏನೂ ಆಗುವುದಿಲ್ಲ. ಸರ್ ಆ ಓಣಿಯ ತಿರುವಿನಿಂದ ಬಂದು, ಚಪ್ಪಲಿ ಬಿಟ್ಟು, ಅವಳ ಪಕ್ಕ ಕಟ್ಟೆಯ ಮೇಲೆ ಕುಳಿತು, "ಅಕ್ಕಾ, ಒಂದ ಕಪ್ ಚಾ ಹಾಕ್ರಿ" ಅನ್ನಬೇಕು. ಅವಳು ನಂಬುವುದಿದ್ದರೆ ಅದೊಂದನ್ನೇ. ನಾನು ಚಹಾ ಮುಗಿಸಿ, ಓಣಿಯ ತಿರುವಿನ ಕಡೆ ನೋಡುತ್ತ ಕುಳಿತೆ…